ಜಗಲಿಯ ಮಾತು: ಪಾಠ ಬಿಟ್ಟು ಸರೋದ್ ಹಿಡಿದವರು



ಕಳೆದ ಹದಿನೈದು ದಿನಗಳಲ್ಲಿ ಬಂದ ಕಾಗದಗಳಿಗೆಲ್ಲ ಉತ್ತರ ಬರೆದು ಮುಗಿಸಿದೆ. ಮಿಡಿ ಉಪ್ಪಿನಕಾಯಿಗೆ ಬೂಸಲು ಬಂತೆಂದವರಿಗೆ, ಹಲಸಿನ ಹಪ್ಪಳ ಒಣಗಿಸುವ ಮೊದಲೇ ಮಳೆ ಹಿಡಿಯಿತೆಂದವರಿಗೆ, ನಾದಿನಿಯ ಜೊತೆ ಮಾತು ಬಿಟ್ಟವರಿಗೆ, ಎಲ್ಲರಿಗೂ ನನಗೆ ತಿಳಿದಷ್ಟು ಹೇಳಿದ್ದಾಯಿತು. ಒಂದು ಕಾಗದ ಮಾತ್ರ ಮೇಜಿನ ಮೇಲೆ ಹಾಗೇ ಉಳಿದಿದೆ. ಅದಕ್ಕೆ ನಾಲ್ಕು ಸಾಲಿನ ಉತ್ತರ ಸಾಲದು. ಹಾಗಾಗಿ ಈ ಸಲದ ಜಗಲಿ ಪೂರ್ತಿ ಆ ತಾಯಿಗೇ ಮೀಸಲು.

ಹೆಸರು, ಊರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗಳಿಗೆ 27 ವರ್ಷ. ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ತಿಂಗಳಾದರೆ ಸಂಬಳ ಕೈಗೆ ಬರುತ್ತದೆ, ಊರಲ್ಲಿ ಮರ್ಯಾದೆಯೂ ಇದೆ. ಈಗ ಹುಡುಗಿ ಇದ್ದಕ್ಕಿದ್ದಂತೆ, "ಅಮ್ಮಾ, ಕೆಲಸ ಬಿಡ್ತೀನಿ, ಸಂಗೀತ ಕಲೀಲಿಕ್ಕೆ ಗುರುಗಳ ಹತ್ರ ಹೋಗಿ ಇರ್ತೀನಿ" ಎಂದಳಂತೆ. ತಾಯಿ ಮೂರು ದಿನ ಸರಿಯಾಗಿ ಊಟ ಮಾಡಿಲ್ಲ. "ಹುಡುಗಿಗೆ ಬುದ್ಧಿ ಹೇಳಿ ನಾಲ್ಕು ಮಾತು ಬರೆಯಿರಿ, ನಿಮ್ಮ ಅಂಕಣವನ್ನು ಅವಳಿಗೆ ತೋರಿಸುತ್ತೇನೆ" ಎಂದು ನನಗೆ ಬರೆದಿದ್ದಾರೆ.

ಅಮ್ಮಾ, ಬುದ್ಧಿ ಹೇಳುವ ಮೊದಲು ನಿಮಗೊಂದು ಕತೆ ಹೇಳಬೇಕು. ಅದು ನಮ್ಮ ಅತ್ತೆಯವರಿಂದ ಶುರುವಾಗುತ್ತದೆ.

ನಮ್ಮ ಅತ್ತೆ ಅಡ್ಡಗದ್ದೆಯ ಈ ಮನೆಗೆ ಸೊಸೆಯಾಗಿ ಬಂದಾಗ ತವರಿನಿಂದ ಒಂದು ಹಾರ್ಮೋನಿಯಂ ತಂದಿದ್ದರಂತೆ. ಮೊದಲ ವರ್ಷ ಗೌರಿ ಹಬ್ಬಕ್ಕೆ ಒಮ್ಮೆ ನುಡಿಸಿದರು. ಮನೆಯ ಹಿರಿಯರೊಬ್ಬರು, "ಇದು ಸಂಸಾರಸ್ಥರ ಮನೆ, ನಾಟಕದ ಮನೆಯಲ್ಲ" ಎಂದರು. ಅಷ್ಟೇ. ಪೆಟ್ಟಿಗೆ ಅಟ್ಟ ಹತ್ತಿತು. ಆಮೇಲೆ ಅಡಿಕೆ ಕೊಯ್ಲು, ಬಾಣಂತನ, ಶ್ರಾದ್ಧ, ಮಳೆಗಾಲದ ಸೌದೆ, ಇದರಲ್ಲೇ ಕಾಲ ಹೋಯಿತು. ನಾನು ಈ ಮನೆಗೆ ಬಂದಾಗ ಅತ್ತೆ ಮಜ್ಜಿಗೆ ಕಡೆಯುವಾಗ ಮಾತ್ರ ಗುನುಗುತ್ತಿದ್ದರು. ಯಾರಾದರೂ ಒಳಗೆ ಬಂದರೆ ತಟ್ಟನೆ ನಿಲ್ಲಿಸುತ್ತಿದ್ದರು.

ಅವರ ಯೌವನದಲ್ಲಿ ನಮ್ಮ ಶೃಂಗೇರಿ ಸೀಮೆಯಲ್ಲಿ ಒಂದು ದೊಡ್ಡ ಗುಲ್ಲು ಎದ್ದಿತ್ತು. ವೈಕುಂಠಪುರದ ಅಗ್ರಹಾರಕ್ಕೆ ಸಿನಿಮಾದವರು ಬಂದಿದ್ದಾರೆ ಅಂತ! ಅದೇ "ಸಂಸ್ಕಾರ." ತೀರ್ಥಹಳ್ಳಿ ಕಡೆಯವರೇ ಆದ ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಬರೆದ ಕಾದಂಬರಿ. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಸ್ನೇಹಲತಾ ರೆಡ್ಡಿಯವರು ಚಂದ್ರಿ, ಪಿ. ಲಂಕೇಶರು ನಾರಣಪ್ಪ. ಕ್ಯಾಮರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕೋವನ್. ಚಿತ್ರ 1970ರದ್ದು. ಸೆನ್ಸಾರಿನವರು ಮೊದಲು ತಡೆಹಿಡಿದರು, ಆಮೇಲೆ ಬಿಟ್ಟರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡಕ್ಕೆ ಆ ಮಾನ ಬಂದದ್ದು ಅದೇ ಮೊದಲು.

ಅತ್ತೆಗೆ ಚಿತ್ರೀಕರಣ ನೋಡುವ ಆಸೆ. ಮನೆಯಲ್ಲಿ ಬಿಡಲಿಲ್ಲ. "ನಮ್ಮನ್ನೇ ಬೈಯುವ ಕತೆಯಂತೆ, ಅದನ್ನು ನೋಡಲಿಕ್ಕೆ ಬೇರೆ ಹೋಗಬೇಕಾ?" ಎಂದರಂತೆ. ಚಿತ್ರ ಬಂದಾಗಲೂ ನೋಡಲಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ, ಅವರಿಗೆ ಕಣ್ಣು ಮಂಜಾದ ಕಾಲಕ್ಕೆ, ನನ್ನ ಮಗ ಮನೆಯಲ್ಲೇ ಅದನ್ನು ಹಾಕಿ ತೋರಿಸಿದ. ಕಪ್ಪು-ಬಿಳುಪು ಚಿತ್ರ. ಅತ್ತೆ ಗೋಡೆಗೊರಗಿ ಕೂತು ಮುಗಿಯುವ ತನಕ ಒಂದು ಮಾತಾಡಲಿಲ್ಲ. ಕತೆ ಸರಿಯೋ ತಪ್ಪೋ ಎಂದು ಜಗಳ ಶುರುವಾಗುತ್ತದೆ ಅಂತ ನಾನು ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆಯೇ.

"ಹಾಡೇ ಇಲ್ವಲ್ಲೇ ಮಾರಾಯ್ತಿ, ಆದ್ರೂ ಕಿವಿಯಲ್ಲಿ ಏನೋ ಉಳೀತು ನೋಡು. ಆ ಸಂಗೀತ ಯಾರದ್ದೇ?"

ನನಗೆ ಗೊತ್ತಿರಲಿಲ್ಲ. ಹುಡುಕಿದೆ. ರಾಜೀವ ತಾರಾನಾಥರದ್ದು ಎಂದು ತಿಳಿಯಿತು. ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಆ ದಾರಿ ಬಿಟ್ಟು ಸರೋದ್ ಹಿಡಿದವರು. ಅತ್ತೆಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಬಿಡ್ಲಿಕ್ಕೆ ಅವರಿಗೆ ಯಾರೂ ಅಡ್ಡ ಬರ್ಲಿಲ್ವಾ?" ಎಂದರು. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ರಾಜೀವ ತಾರಾನಾಥರು ಹುಟ್ಟಿದ್ದು 1932ರ ಅಕ್ಟೋಬರ್ 17ರಂದು. ತಂದೆ ಪಂಡಿತ ತಾರಾನಾಥರು ವೈದ್ಯರು, ಸ್ವಾತಂತ್ರ್ಯಪ್ರೇಮಿ, ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದವರು, ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನವೆಂಬ ಆಶ್ರಮ ನಡೆಸಿದವರು. ತಾಯಿ ಸುಮತಿಬಾಯಿ. ನಮ್ಮ ಮನೆಯ ಕೆಳಗೆ ಹರಿಯುವ ಹಳ್ಳದ ನೀರು ತುಂಗೆ ಸೇರಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಆ ಆಶ್ರಮದ ದಂಡೆಯನ್ನು ತೊಳೆದುಕೊಂಡೇ ಮುಂದೆ ಹೋಗಬೇಕಲ್ಲ! ಅದನ್ನು ನೆನೆದರೆ ನನಗೇನೋ ಇವರು ನಮ್ಮವರೇ ಅನ್ನಿಸುತ್ತದೆ.

ಮೊದಲ ಸಂಗೀತ ಪಾಠ ತಂದೆಯಿಂದಲೇ. ಆದರೆ ಆ ತಂದೆ 1942ರಲ್ಲಿ ತೀರಿಕೊಂಡರು, ಹುಡುಗನಿಗೆ ಆಗಿನ್ನೂ ಹತ್ತು ವರ್ಷ. ಹುಡುಗ ಓದನ್ನೂ ಬಿಡಲಿಲ್ಲ, ಹಾಡನ್ನೂ ಬಿಡಲಿಲ್ಲ. ಇಪ್ಪತ್ತು ತುಂಬುವ ಹೊತ್ತಿಗೆ ಕಚೇರಿಯಲ್ಲಿ, ಆಕಾಶವಾಣಿಯಲ್ಲಿ ಹಾಡುವ ಮಟ್ಟಕ್ಕೆ ಬಂದಿದ್ದರು. ಇತ್ತ ಇಂಗ್ಲಿಷ್ ಸಾಹಿತ್ಯ ಓದಿ, ಟಿ. ಎಸ್. ಎಲಿಯಟ್ ಎಂಬ ಕವಿಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದು ಪ್ರಾಧ್ಯಾಪಕರಾದರು. ಹೊರಗಿನಿಂದ ನೋಡಿದವರಿಗೆ ಇನ್ನೇನು ಬೇಕು ಹೇಳಿ?

ಈ ನಡುವೆ ಬೆಂಗಳೂರಿನಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಕೇಳಿದರು. ಕೇಳಿದ್ದೇ ತಡ, ಮನಸ್ಸು ಅಲ್ಲೇ ನಿಂತಿತು. ಹಾಡುಗಾರಿಕೆಯಲ್ಲಿ ಅಷ್ಟು ದೂರ ಬಂದವರು ಅದನ್ನು ಪಕ್ಕಕ್ಕಿಟ್ಟು ಹೊಸ ವಾದ್ಯ ಕಲಿಯಲು ಕೂತರು. ಕೊನೆಗೆ ಪ್ರಾಧ್ಯಾಪಕ ವೃತ್ತಿಯ ದಾರಿಯನ್ನೇ ಬಿಟ್ಟು ಕಲ್ಕತ್ತೆಗೆ ಹೋಗಿ ಖಾನ್ ಸಾಹೇಬರ ಶಿಷ್ಯರಾದರು.

ಸರೋದ್ ನೋಡಿದ್ದೀರಾ? ಸಿತಾರಿನಂತೆ ಅದಕ್ಕೆ ಮೆಟ್ಟಿಲುಗಳಿಲ್ಲ. ಮರದ ಒಡಲು, ಅದರ ಮೇಲೆ ಬಿಗಿದ ಆಡಿನ ಚರ್ಮ, ಮೇಲಕ್ಕೆ ನುಣುಪಾದ ಉಕ್ಕಿನ ಪಟ್ಟಿ. ಅವರ ಮನೆತನದ ಸರೋದಿಗೆ ಚಿಕ್ಕದು ದೊಡ್ಡದು ಸೇರಿ 25 ತಂತಿ. ಎಡಗೈ ಉಗುರಿನ ತುದಿಯನ್ನು ತಂತಿಯ ಮೇಲೆ ಒತ್ತಿ ಜಾರಿಸಬೇಕು. ಸ್ವರ ಇಲ್ಲಿದೆ ಎಂದು ತೋರಿಸುವ ಗುರುತು ಯಾವುದೂ ಇಲ್ಲ. ಕೂದಲೆಳೆಯಷ್ಟು ಜಾರಿದರೂ ಅಪಸ್ವರ. ಬಲಗೈಯಲ್ಲಿ ಮೀಟುವುದು ಯಾವುದರಿಂದ ಗೊತ್ತೇ? ತೆಂಗಿನ ಕರಟವನ್ನು ಕೆತ್ತಿ, ತಿಕ್ಕಿ ಮಾಡಿದ ಒಂದು ಚೂರಿನಿಂದ! ನಾವು ಕಾಯಿ ತುರಿದು ಒಲೆಗೆ ಹಾಕುವ ಕರಟವೇ.

ಅಂಥ ವಾದ್ಯವನ್ನು ಪಿಎಚ್.ಡಿ. ಪಂಡಿತರೊಬ್ಬರು ಹೊಸ ಹುಡುಗನಂತೆ ಸರಿಗಮದಿಂದ ಕಲಿಯುವುದೆಂದರೆ ಸುಮ್ಮನೆಯೇ? ಹೊರಗೆ ನೂರು ಜನರಿಗೆ "ಸಾರ್" ಆದವರು ಗುರುಗಳ ಮುಂದೆ ನೆಲದ ಮೇಲೆ ಕೂತು ಬೈಸಿಕೊಳ್ಳಲು ತಯಾರಿರಬೇಕು. ಸಂಬಳ ಬಿಡುವುದಕ್ಕಿಂತ ಅದು ಕಷ್ಟವೆಂದು ನನ್ನ ಎಣಿಕೆ.

ಆ ಗುರುಮನೆಯ ಕತೆಯನ್ನೂ ಹೆಣ್ಣುಮಕ್ಕಳಾದ ನಾವು ತಿಳಿಯಬೇಕು. ಅಲಿ ಅಕ್ಬರರ ತಂದೆ ಬಾಬಾ ಅಲ್ಲಾವುದ್ದೀನ್ ಖಾನರು ಮೈಹರ್ ಎಂಬ ಸಂಸ್ಥಾನದಲ್ಲಿದ್ದರು. ಸ್ವತಃ ಅವರೇ ಬಾಲ್ಯದಲ್ಲಿ ಸಂಗೀತಕ್ಕಾಗಿ ಮನೆ ಬಿಟ್ಟು ಓಡಿದವರು. ಅನಾಥ ಮಕ್ಕಳನ್ನು ಕೂಡಿಸಿ ವಾದ್ಯ ಕಲಿಸಿ ಮೈಹರ್ ಬ್ಯಾಂಡ್ ಕಟ್ಟಿದರು. ಅಂಥವರೂ ಕಿರಿಯ ಮಗಳು ಅನ್ನಪೂರ್ಣೆಗೆ ಮೊದಲು ಸಂಗೀತ ಕಲಿಸಲಿಲ್ಲವಂತೆ. ಏಕೆಂದರೆ ಹಿರಿಯ ಮಗಳಿಗೆ ಕಲಿಸಿ ಮದುವೆ ಮಾಡಿದಾಗ, ಅತ್ತೆಮನೆಯಲ್ಲಿ ಅವಳ ತಂಬೂರಿಯನ್ನು ಸುಟ್ಟರೆಂದು ಹೇಳುತ್ತಾರೆ. ಒಂದು ದಿನ ಅಣ್ಣ ಅಭ್ಯಾಸದಲ್ಲಿ ತಪ್ಪಿದ್ದನ್ನು ಈ ಪುಟ್ಟ ತಂಗಿ ಹಾಡಿ ತಿದ್ದುತ್ತಿದ್ದಳು. ತಂದೆ ಬಾಗಿಲಲ್ಲಿ ನಿಂತು ಕೇಳಿದರು. ಅವತ್ತಿನಿಂದ ಕಲಿಸಲು ಶುರು ಮಾಡಿದರು. ಅವರೇ ಮುಂದೆ ಸುರಬಹಾರ್ ವಾದನದಲ್ಲಿ ಹೆಸರಾದ ಅನ್ನಪೂರ್ಣಾದೇವಿಯವರು. ಸಭೆಯಲ್ಲಿ ನುಡಿಸುವುದನ್ನು ನಿಲ್ಲಿಸಿ ಮುಂಬಯಿಯ ಮನೆಯಲ್ಲೇ ದೊಡ್ಡ ದೊಡ್ಡವರಿಗೆ ಪಾಠ ಹೇಳಿದರು. 2018ರಲ್ಲಿ ತೀರಿಕೊಂಡರು. ನಮ್ಮ ರಾಜೀವ ತಾರಾನಾಥರೂ ಅವರ ಮಾರ್ಗದರ್ಶನ ಪಡೆದವರೇ.

ತಂಬೂರಿ ಸುಟ್ಟ ಕತೆ ಓದಿದಾಗ ನಮ್ಮ ಅಟ್ಟದ ನೆನಪಾಯಿತು. ನಮ್ಮ ಮನೆಯಲ್ಲಿ ಸುಡಲಿಲ್ಲ, ಮೇಲಿಟ್ಟರು. ವ್ಯತ್ಯಾಸ ಅಷ್ಟೇ.

ಇನ್ನು ಸಿನಿಮಾದ ಮಾತು. ಶಾಸ್ತ್ರೀಯ ಸಂಗೀತದವರು ಸಿನಿಮಾಕ್ಕೆ ಹೋದರೆ ಕೆಟ್ಟರು ಅನ್ನುವ ಕಾಲವೊಂದಿತ್ತು. ಆದರೆ ಈ ಗುರುಮನೆಯವರು ಹಾಗೆ ತಿಳಿಯಲಿಲ್ಲ. ಅಲಿ ಅಕ್ಬರರು 1952ರ "ಆಂಧಿಯಾಂ" ಚಿತ್ರಕ್ಕೂ 1960ರ ಸತ್ಯಜಿತ್ ರಾಯರ "ದೇವಿ"ಗೂ ಸಂಗೀತ ಕೊಟ್ಟರು. ರವಿಶಂಕರರು 1955ರ "ಪಥೇರ್ ಪಾಂಚಾಲಿ"ಗೆ ಕೊಟ್ಟರು. ಶಿಷ್ಯರೂ ಅದೇ ಹಾದಿಯಲ್ಲಿ "ಸಂಸ್ಕಾರ"ಕ್ಕೆ, 1976ರಲ್ಲಿ ಲಂಕೇಶರ "ಪಲ್ಲವಿ"ಗೆ, ಆಮೇಲೆ ಮಲಯಾಳದಲ್ಲಿ ಅರವಿಂದನ್ ಅವರ "ಕಾಂಚನ ಸೀತಾ"ಕ್ಕೆ, 1991ರಲ್ಲಿ ಎಂ. ಟಿ. ವಾಸುದೇವನ್ ನಾಯರ್ ಅವರ "ಕಡವು" ಚಿತ್ರಕ್ಕೆ ಸಂಗೀತ ಕೂಡಿಸಿದರು.

ಇದು ಸುಲಭದ ಕೆಲಸವೆಂದುಕೊಳ್ಳಬೇಡಿ. ಕಚೇರಿಯಲ್ಲಿ ಒಂದು ರಾಗವನ್ನು ಬಿಡಿಸಲು ಗಂಟೆ ಹೊತ್ತು ಸಿಗುತ್ತದೆ. ಸಿನಿಮಾದಲ್ಲಿ ಒಬ್ಬಳು ಬಾಗಿಲು ತೆರೆದು ಅಂಗಳಕ್ಕೆ ಬರುವಷ್ಟು ಹೊತ್ತು, ಅರ್ಧ ನಿಮಿಷ. ಅಷ್ಟರಲ್ಲೇ ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗಬೇಕು. ಮಾತು ಬಂದಾಗ ಹಿಂದೆ ಸರಿಯಬೇಕು. ಎಲ್ಲಿ ಸಂಗೀತವೇ ಬೇಡ ಎಂದು ತಿಳಿಯುವುದು ಅದಕ್ಕಿಂತ ದೊಡ್ಡ ವಿದ್ಯೆ. ನಮ್ಮ ಅಡಿಗೆಯಲ್ಲಿ ಉಪ್ಪಿನ ಹಾಗೆ ನೋಡಿ. ಸರಿಯಾಗಿ ಬಿದ್ದರೆ ಯಾರೂ ಉಪ್ಪಿನ ಮಾತು ಎತ್ತುವುದಿಲ್ಲ, ಊಟ ಚೆನ್ನಾಗಿತ್ತು ಅನ್ನುತ್ತಾರೆ. ನಮ್ಮ ಅತ್ತೆ ಮಾತ್ರ ಉಪ್ಪನ್ನೇ ಗುರುತಿಸಿದರು.

ಹೀಗೆ ದಾರಿ ಬದಲಿಸಿದವರು ನಮ್ಮಲ್ಲಿ ಮಾತ್ರವಲ್ಲ, ಹೊರದೇಶದಲ್ಲೂ ಇದ್ದಾರೆ. ಅಮೆರಿಕದಲ್ಲಿ ಜಾಝ್ ಎಂಬ ಸಂಗೀತವಿದೆ. ನಮ್ಮ ಮನೋಧರ್ಮ ಸಂಗೀತದಂತೆ ಅದರಲ್ಲೂ ನುಡಿಸುವವರು ಅಲ್ಲೇ, ಆಗಲೇ ಹೊಸತನ್ನು ಹುಟ್ಟಿಸುತ್ತಾರೆ. ಅದರಲ್ಲಿ ಆಳೆತ್ತರದ ಬಾಸ್ ಎಂಬ ತಂತಿವಾದ್ಯ ಹಿಂದೆ ನಿಂತು ತಳದ ಸ್ವರ ಹಿಡಿಯುತ್ತದೆ. ಚಾರ್ಲಿ ಹೇಡನ್ ಎಂಬವರು ಬಾಲ್ಯದಲ್ಲಿ ಮನೆಯವರ ಜೊತೆ ರೇಡಿಯೋದಲ್ಲಿ ಹಳ್ಳಿಹಾಡು ಹಾಡುತ್ತಿದ್ದರು. ಪೋಲಿಯೋದಿಂದ ಕಂಠಕ್ಕೆ ಪೆಟ್ಟಾಗಿ ಹಾಡು ನಿಂತಿತು. ಬಾಸ್ ಹಿಡಿದರು, ಜಾಝ್‌ನಲ್ಲಿ ದೊಡ್ಡ ಹೆಸರಾದರು. ಕ್ಯಾಲಿಫೋರ್ನಿಯ ಕಲಾಸಂಸ್ಥೆಯಲ್ಲಿ 1982ರಲ್ಲಿ ಜಾಝ್ ವಿಭಾಗ ಶುರು ಮಾಡಿದವರು ಅವರೇ. ಅದೇ ಸಂಸ್ಥೆಯಲ್ಲಿ 1995ರಿಂದ 2005ರವರೆಗೆ ಭಾರತೀಯ ಸಂಗೀತ ಕಲಿಸಿದವರು ನಮ್ಮ ರಾಜೀವ ತಾರಾನಾಥರು. ಇಬ್ಬರೂ ಹಾಡುಗಾರರಾಗಿ ಶುರು ಮಾಡಿ ತಂತಿವಾದ್ಯಕ್ಕೆ ಬಂದವರು. ಒಬ್ಬರನ್ನು ಕಾಯಿಲೆ ದೂಡಿತು, ಇನ್ನೊಬ್ಬರನ್ನು ಪ್ರೀತಿ ಎಳೆಯಿತು.

ಇನ್ನೊಂದು ಮಾತು. ಇಷ್ಟೆಲ್ಲ ಆದ ಮೇಲೂ ರಾಜೀವ ತಾರಾನಾಥರು ಶಿಷ್ಯವೃತ್ತಿ ಬಿಡಲಿಲ್ಲ. 2009ರಲ್ಲಿ ಅಲಿ ಅಕ್ಬರರು ತೀರಿಕೊಳ್ಳುವ ತನಕ ಅವರ ಬಳಿ ಕಲಿಯುತ್ತಲೇ ಇದ್ದರು. ಆ ಹೊತ್ತಿಗೆ ತಾವೇ 76ರ ಹಿರಿಯರು! ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 2019ರಲ್ಲಿ ಪದ್ಮಶ್ರೀ ಬಂತು. ಮೈಸೂರಿನಲ್ಲಿ ನೆಲೆಸಿ ಕೊನೆಯವರೆಗೂ ಶಿಷ್ಯರಿಗೆ ಪಾಠ ಹೇಳಿದರು. 2024ರ ಜೂನ್ 11ರಂದು, 91ನೆಯ ವಯಸ್ಸಿನಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ, ಅಮ್ಮಾ. ಈ ಕತೆ ಓದಿ ಮಗಳು, "ನೋಡು, ಅವರೂ ಬಿಟ್ಟರಲ್ಲ" ಎಂದು ನಿಮ್ಮ ಮುಂದೆ ಕುಣಿಯಬಹುದು. ಕುಣಿಯುವ ಮೊದಲು ಅವಳೂ ಸ್ವಲ್ಪ ಯೋಚಿಸಲಿ. ಅವರು ಕೆಲಸ ಬಿಟ್ಟದ್ದು ಸಂಗೀತ ಶುರು ಮಾಡಲಿಕ್ಕಲ್ಲ. ಎಳವೆಯಿಂದ ಸಂಗೀತ ಅವರ ಜೊತೆಗೇ ಇತ್ತು. ಕೈಯಲ್ಲಿ ವಿದ್ಯೆ ಇತ್ತು, ಹಸಿವಾದರೆ ಊಟಕ್ಕೆ ದಾರಿ ಇತ್ತು. ಕೆಲಸ ಬೇಸರವಾಯಿತೆಂದು ಬಿಡುವುದು ಒಂದು, ಇನ್ನೊಂದು ಬಿಡಲಾರದ್ದಕ್ಕೆ ಅದನ್ನು ಬಿಡುವುದು ಇನ್ನೊಂದು.

ಆದ್ದರಿಂದ ಅತ್ತು ಕರೆದು ಮಾಡಬೇಡಿ. ಒಂದು ಸಂಜೆ ಕೆಲಸವೆಲ್ಲ ಮುಗಿದ ಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡು ಕೆಲವು ವಿಷಯ ಕೇಳಿ. ಕೆಲಸಕ್ಕೆ ಹೋಗುತ್ತಲೇ ದಿನಾ ಎಷ್ಟು ಹೊತ್ತು ಅಭ್ಯಾಸ ಮಾಡುತ್ತೀಯ? ಬೆಳಿಗ್ಗೆ ಐದಕ್ಕೆ ಎದ್ದು ಒಂದು ವರ್ಷ ತಪ್ಪದೆ ಕೂತಿದ್ದಾಳಾದರೆ ಅದು ಹುಚ್ಚಲ್ಲ, ನಿಜ. ಇನ್ನೂ ಶುರುವೇ ಮಾಡಿಲ್ಲವಾದರೆ, ಮೊದಲು ಶುರು ಮಾಡು ಎನ್ನಿ. ಗುರುಗಳು ಯಾರು, ನಿನ್ನನ್ನು ಕೇಳಿದ್ದಾರಾ, ಕಲಿಸುತ್ತೇನೆ ಎಂದಿದ್ದಾರಾ? ನೀವೂ ಒಮ್ಮೆ ಹೋಗಿ ಅವರನ್ನು, ಅವರ ಮನೆಯವರನ್ನು ನೋಡಿ ಬನ್ನಿ. ಇದು ಸಂಶಯವಲ್ಲ, ತಾಯಿಯಾದವಳ ಧರ್ಮ.

ಆಮೇಲೆ ದುಡ್ಡಿನ ಮಾತು. ಇದನ್ನು ಮಾತಾಡಲು ನಾಚಬೇಡಿ. ಎರಡು ವರ್ಷ ಬಾಡಿಗೆ, ಊಟ, ಗುರುಕಾಣಿಕೆಗೆ ಸಾಕಾಗುವಷ್ಟು ಉಳಿತಾಯ ಅವಳ ಹೆಸರಲ್ಲಿ ಇದೆಯೇ? ಇಲ್ಲದಿದ್ದರೆ ಇನ್ನೊಂದು ವರ್ಷ ದುಡಿದು ಕೂಡಿಡಲಿ. ಒಂದೇ ಸಲಕ್ಕೆ ರಾಜೀನಾಮೆ ಬೇಡ. ಸಂಬಳವಿಲ್ಲದ ರಜೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಲಿ. ಸಿಗದಿದ್ದರೆ ಹೋದ ಊರಿನಲ್ಲೇ ದಿನಕ್ಕೆ ಎರಡು ಗಂಟೆ ಪಾಠ ಹೇಳುವ ಏರ್ಪಾಡು ಮಾಡಿಕೊಳ್ಳಲಿ. ಪಾಠ ಹೇಳಬಲ್ಲವಳು ಎಲ್ಲಿ ಹೋದರೂ ಉಪವಾಸ ಬೀಳುವುದಿಲ್ಲ. ಎರಡು ವರ್ಷವಾದ ಮೇಲೆ ಮನೆಯವರೆಲ್ಲ ಕೂತು ಮತ್ತೆ ಮಾತಾಡೋಣ ಎಂದು ಈಗಲೇ ಗಡುವು ಹಾಕಿಕೊಳ್ಳಿ. ಆಗ ಅವಳಿಗೂ ಧೈರ್ಯ, ನಿಮಗೂ ನಿದ್ದೆ.

ಕೊನೆಗೆ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ನಿಮ್ಮ ಹೆದರಿಕೆ ಯಾವುದರದ್ದು? ಮಗಳ ಊಟದ್ದೋ, ಮದುವೆಯದ್ದೋ, ಇಲ್ಲ ಓರಗಿತ್ತಿ ಏನಂದಾಳು ಎನ್ನುವುದೋ? ಮೊದಲನೆಯದಕ್ಕೆ ಉಪಾಯ ಮೇಲೆ ಹೇಳಿದೆ. ಎರಡನೆಯದಕ್ಕೆ ಹೇಳುವುದಾದರೆ, ಅವಳ ಸಂಗೀತವನ್ನು ಅಟ್ಟಕ್ಕೆ ಹಾಕುವ ಮನೆ ಸಿಗುವುದಕ್ಕಿಂತ ಎರಡು ವರ್ಷ ತಡವಾಗಿ ಒಳ್ಳೆಯ ಮನೆ ಸಿಗುವುದು ಲೇಸು. ಮೂರನೆಯದಕ್ಕೆ ಔಷಧವೇ ಇಲ್ಲ. ನೀವು ಏನು ಮಾಡಿದರೂ ಅನ್ನುವವರು ಅನ್ನುತ್ತಾರೆ.

ನಮ್ಮ ಅತ್ತೆ ತೀರಿಕೊಂಡ ವರ್ಷ, ಮನೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಹಾರ್ಮೋನಿಯಂ ಇಳಿಸಿದೆ. ತಿದಿಯನ್ನು ಇಲಿ ಕಡಿದಿತ್ತು. ಮುಚ್ಚಳದ ಒಳಗೆ ಒಂದು ನೋಟುಪುಸ್ತಕ. ಗುಂಡಗಿನ ಅಕ್ಷರದಲ್ಲಿ ದೇವರನಾಮಗಳು, ಪಕ್ಕದಲ್ಲಿ ಸ್ವರ ಹಾಕಿದ್ದರು. ಕೊನೆಯ ಹಾಡು ಅರ್ಧಕ್ಕೇ ನಿಂತಿತ್ತು. ನನಗೆ ಸಂಗೀತ ಬರುವುದಿಲ್ಲ. ಆದರೂ ಪೆಟ್ಟಿಗೆಯನ್ನು ಶಿವಮೊಗ್ಗಕ್ಕೆ ಕಳಿಸಿ ತಿದಿ ಹೊಸದಾಗಿ ಹಾಕಿಸಿದೆ. ಸ್ವರಗಳು ಇನ್ನೂ ಗಟ್ಟಿಯಾಗಿವೆ ಎಂದರು ರಿಪೇರಿಯವರು. ಈಗ ಮೊಮ್ಮಗಳು ರಜೆಗೆ ಬಂದಾಗ ಅದನ್ನು ಬಡಿಯುತ್ತಾಳೆ. ಮನೆಯೆಲ್ಲ ಗಲಾಟೆ. ಯಾರೂ ಬೈಯುವುದಿಲ್ಲ.

"ಅಡ್ಡ ಬರ್ಲಿಲ್ವಾ?" ಎಂದು ಅತ್ತೆ ಕೇಳಿದ್ದಕ್ಕೆ ಅವತ್ತು ನಾನು ಉತ್ತರ ಕೊಡಲಿಲ್ಲ. ಅವರು ಕೇಳಿದ್ದು ರಾಜೀವ ತಾರಾನಾಥರ ಬಗ್ಗೆ ಅಲ್ಲವೆಂದು ನನಗೆ ತಡವಾಗಿ ತಿಳಿಯಿತು. ನಿಮ್ಮ ಮಗಳು ಆ ಪ್ರಶ್ನೆಯನ್ನು ಎಪ್ಪತ್ತನೆಯ ವಯಸ್ಸಿನಲ್ಲಿ ಗೋಡೆಗೊರಗಿ ಕೂತು ಕೇಳುವಂತಾಗದಿರಲಿ.

ಬುದ್ಧಿ ಹೇಳಿ ಎಂದಿರಿ. ತಾಯಿಗೂ ಮಗಳಿಗೂ ಸಮನಾಗಿ ಹೇಳಿದ್ದೇನೆ. ಮೊದಲು ಹೊಟ್ಟೆ ತುಂಬ ಊಟ ಮಾಡಿ, ಆಮೇಲೆ ಅವಳ ಜೊತೆ ಮಾತಾಡಿ. ಏನಾಯಿತೆಂದು ಒಂದು ಕಾಗದ ಹಾಕಿ, ಕಾಯುತ್ತಿರುತ್ತೇನೆ.

ಮತ್ತೆ ಹದಿನೈದು ದಿನಕ್ಕೆ ಜಗಲಿಯಲ್ಲಿ ಸಿಗೋಣ.

ನಿಮ್ಮ ಅಡ್ಡಗದ್ದೆಯ ಅಕ್ಕ